ಕೆಟಮಿನ್ ಚಿಕಿತ್ಸೆಯ ಹಾಸಿಗೆಯ ಮೇಲೆ ಆನಾಪಾನ, ಭ್ರಾಮರಿ, ಯೋಗನಿದ್ರೆ: ಆರು ಸಲದ ಹೋಲಿಕೆ

ಖಿನ್ನತೆಗೆಂದು ಬರೆದುಕೊಟ್ಟ ಎರಡು ಬಗೆಯ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೂ ಗುಣ ಕಾಣದಿದ್ದಾಗ, ಬೆಳಗಾವಿಯ ಮನೋವೈದ್ಯರೊಬ್ಬರು ನನಗೆ ಕೆಟಮಿನ್ ಚಿಕಿತ್ಸೆಯನ್ನು ಸೂಚಿಸಿದರು. ವಾರಕ್ಕೆ ಎರಡರಂತೆ ಮೂರು ವಾರಗಳಲ್ಲಿ ಆರು ಸಲ, ದೇಹತೂಕದ ಪ್ರತಿ ಕಿಲೋಗೆ 0.5 ಮಿಲಿಗ್ರಾಂ ಲೆಕ್ಕದಲ್ಲಿ, 40 ನಿಮಿಷಗಳ ಕಾಲ ಸಲೈನ್ ಮೂಲಕ ನಿಧಾನವಾಗಿ ಔಷಧ ಏರಿಸುತ್ತಾರೆ. ಅಮೆರಿಕದಲ್ಲಿ 1970ರಲ್ಲಿ ಅರಿವಳಿಕೆಯಾಗಿ ಮಾನ್ಯತೆ ಪಡೆದ ಈ ಔಷಧ, ಇಷ್ಟು ಸಣ್ಣ ಪ್ರಮಾಣದಲ್ಲಿ ಎಚ್ಚರವನ್ನು ಪೂರ್ತಿ ಕಳೆಯುವುದಿಲ್ಲ. ಆದರೆ ದೇಹ ತನ್ನದೆಂಬ ಅರಿವನ್ನು ಮನಸ್ಸಿನಿಂದ ಬಿಡಿಸಿಬಿಡುತ್ತದೆ. ಕೆಲವು ಜಾತಿಯ ಅಣಬೆಗಳಲ್ಲಿರುವ, ಭ್ರಮೆ ಹುಟ್ಟಿಸುವ ಸೈಲೋಸಿಬಿನ್ ನಮ್ಮಲ್ಲಿ ಮಾದಕವಸ್ತು ತಡೆಯ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ನಿಷಿದ್ಧವಾಗಿರುವುದರಿಂದ, ಇಂಥ ಅನುಭವಕ್ಕೆ ನನ್ನಂಥ ರೋಗಿಗೆ ಇಲ್ಲಿರುವ ದಾರಿ ವೈದ್ಯರ ಕಣ್ಣೆದುರಿನ ಈ ಹಾಸಿಗೆಯೊಂದೇ.

ಧ್ಯಾನ, ಪ್ರಾಣಾಯಾಮದಂಥ ಸಾಧನೆಯನ್ನು ಇಂಥ ಚಿಕಿತ್ಸೆಗೆ ಜೋಡಿಸುವ ವಿಚಾರ ನನ್ನದಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ, 75 ಜನರ ಮೇಲೆ ನಡೆಸಿದ ಸೈಲೋಸಿಬಿನ್ ಅಧ್ಯಯನದಲ್ಲಿ, ಒಂದೇ ಬಗೆಯ ಹೆಚ್ಚಿನ ಪ್ರಮಾಣ ಪಡೆದ ಎರಡು ಗುಂಪುಗಳ ಪೈಕಿ ಧ್ಯಾನವೇ ಮೊದಲಾದ ಸಾಧನೆಗೆ ಹೆಚ್ಚು ಆಸರೆ ದೊರೆತ ಗುಂಪಿನವರಲ್ಲಿ ಆರು ತಿಂಗಳ ನಂತರವೂ ಒಳ್ಳೆಯ ಬದಲಾವಣೆ ಹೆಚ್ಚಾಗಿ ಉಳಿದಿತ್ತು. ಸಾಧನೆ ಬೇಕೆಂಬುದು ಇದರಿಂದ ನನಗೆ ಒಪ್ಪಿಗೆಯಾಯಿತು. ಯಾವ ಸಾಧನೆ ಎಂಬುದನ್ನು ಮಾತ್ರ ನಾನೇ ಮಾಡಿ ನೋಡಬೇಕಾಗಿತ್ತು.

ಮೊದಲ ಎರಡು ಸಲಕ್ಕೆ ಆನಾಪಾನವನ್ನು ಆರಿಸಿಕೊಂಡೆ. ಹತ್ತು ದಿನಗಳ ವಿಪಶ್ಯನಾ ಶಿಬಿರ ಮುಗಿಸಿದ ಮೇಲೆ, ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಬೆಳಗಿನ ಜಾವ ಕುಳಿತು ರೂಢಿಸಿಕೊಂಡ ಸಾಧನೆ ಅದು. ಉಸಿರನ್ನು ತಿದ್ದದೆ, ಹಿಡಿಯದೆ, ಮೂಗಿನ ಹೊಳ್ಳೆಗಳ ಕೆಳಗೆ, ಮೇಲ್ದುಟಿಯ ಮೇಲೆ ಅದು ತಾಗುವ ಜಾಗವನ್ನಷ್ಟೇ ಗಮನಿಸುತ್ತಿರುವುದು. ಇದಕ್ಕಿಂತ ಗಟ್ಟಿಯಾದ ಆಧಾರ ನನಗೆ ಮತ್ತೊಂದಿಲ್ಲವೆಂದು ನಂಬಿ ಹಾಸಿಗೆಯ ಮೇಲೆ ಮಲಗಿದೆ. ಔಷಧ ಏರತೊಡಗಿದ ಏಳೆಂಟು ನಿಮಿಷ ಎಲ್ಲವೂ ಸರಿಯಾಗಿತ್ತು; ಉಸಿರು ತಣ್ಣಗೆ ಒಳಹೋಗುವುದು, ಬೆಚ್ಚಗೆ ಹೊರಬರುವುದು ಎಂದೂ ಇಲ್ಲದಷ್ಟು ಸ್ಪಷ್ಟವಾಗಿ ತಿಳಿಯುತ್ತಿತ್ತು. ಆಮೇಲೆ ಮೂಗೇ ಸಿಗದಾಯಿತು. ಹುಡುಕಿದಷ್ಟೂ ಸಿಗಲಿಲ್ಲ. ಮೂಗಿಲ್ಲದ ಮೇಲೆ ಉಸಿರೂ ಇಲ್ಲವೆಂದು ಮನಸ್ಸು ತೀರ್ಮಾನಿಸಿತು, ಎದೆ ಹೊಡೆದುಕೊಳ್ಳತೊಡಗಿತು. ಬೆರಳಿಗೆ ಸಿಕ್ಕಿಸಿದ್ದ ಕ್ಲಿಪ್ಪು ಆಮ್ಲಜನಕ 98 ಎಂದು ತೋರಿಸುತ್ತಿತ್ತಂತೆ; ಅದು ನನಗೆ ತಿಳಿದದ್ದು ಆಮೇಲೆ. ಪಕ್ಕದಲ್ಲಿದ್ದ ಸಿಸ್ಟರ್ ನನ್ನ ಎಡಗೈ ಮುಷ್ಟಿಯನ್ನು ಬಿಡಿಸುತ್ತ, "ಬಿಗಿ ಹಿಡೀಬ್ಯಾಡ್ರಿ ಸರ್, ಸಡ್ಲ ಬಿಡ್ರಿ, ನಾ ಇಲ್ಲೇ ಅದೀನಿ" ಎಂದದ್ದು ಮಾತ್ರ ಎಲ್ಲಿಂದಲೋ ಕೇಳಿಸಿತು. ಎರಡನೆಯ ಸಲವೂ ಹೀಗೆಯೇ ಆಯಿತು. ಹನ್ನೊಂದು ವರ್ಷದ ಅಭ್ಯಾಸ ಬೇಕಾದ ಹೊತ್ತಿನಲ್ಲಿ ಕೈಗೆ ಬರಲಿಲ್ಲವೆಂಬುದು ನನಗೆ ನಿಜವಾದ ದುಃಖ ತಂದಿತು.

ಕಾರಣವನ್ನು ಯೋಚಿಸಿದಾಗ ಹೊಳೆದದ್ದು ಇಷ್ಟು. ಆನಾಪಾನ ದೇಹದ ಒಂದು ಚಿಕ್ಕ ಜಾಗದ ಸ್ಪರ್ಶವನ್ನು ಆಧರಿಸಿ ನಿಂತಿದೆ, ಕೆಟಮಿನ್ ಮೊದಲು ಅಳಿಸುವುದು ಆ ಸ್ಪರ್ಶವನ್ನೇ.

ಮೂರನೆಯ ಸಲಕ್ಕೆ ಭ್ರಾಮರಿ. ಹೆಬ್ಬೆರಳಿನಿಂದ ಕಿವಿ ಮುಚ್ಚಿ, ಬಾಯಿ ಮುಚ್ಚಿಕೊಂಡು ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವ ಪ್ರಾಣಾಯಾಮವಿದು. ಕೆಟಮಿನ್ ರಕ್ತದೊತ್ತಡವನ್ನು ಏರಿಸುವುದರಿಂದ ಮೊದಲೇ ಬಿಪಿ ಹೆಚ್ಚಿದ್ದರೆ ಔಷಧ ಹಚ್ಚುವುದಿಲ್ಲ. ಆ ದಿನ ಆತಂಕದಿಂದ ನನ್ನ ಬಿಪಿ 150ಕ್ಕೆ 94 ಇತ್ತು. ಕಾಯುವ ಕೋಣೆಯ ಮೂಲೆಯಲ್ಲಿ ಕುಳಿತು ಹತ್ತು ನಿಮಿಷ ಭ್ರಾಮರಿ ಮಾಡಿದ ಮೇಲೆ ಅಳೆದಾಗ 136ಕ್ಕೆ 86 ಬಂದಿತು. ಸುಮ್ಮನೆ ಕುಳಿತಿದ್ದರೂ ಇಳಿಯುತ್ತಿತ್ತೋ ಏನೋ, ಅದನ್ನು ಅಲ್ಲಗಳೆಯಲಾರೆ. ಹಾಸಿಗೆಯ ಮೇಲೆ ಮಾತ್ರ ಅದರ ಉಪಯೋಗ ಆಗಲಿಲ್ಲ. ಗುಂಯ್‌ಗುಡಲು ಯತ್ನ ಬೇಕು, ಯತ್ನಿಸುವವನು ಬೇಕು. ಆ ಹೊತ್ತಿನಲ್ಲಿ ಇವೆರಡೂ ಇರುವುದಿಲ್ಲ. ಭಸ್ತ್ರಿಕಾ, ಕಪಾಲಭಾತಿಯಂಥ ರಭಸದ ಉಸಿರಾಟಗಳನ್ನು, ಬಿಪಿಯ ಕಾರಣಕ್ಕೇ, ವೈದ್ಯರು ಆ ಮೂರು ವಾರ ಪೂರ್ತಿ ಬೇಡವೆಂದಿದ್ದರು.

ನಾಲ್ಕನೆಯ ಮತ್ತು ಐದನೆಯ ಸಲಕ್ಕೆ ಯೋಗನಿದ್ರೆ. ಮುಂಗೇರಿನ ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿಯವರು ಮಂತ್ರ ಹೇಳುತ್ತ ಒಂದೊಂದೇ ಅಂಗವನ್ನು ಮುಟ್ಟುವ, ತಂತ್ರದ ನ್ಯಾಸವೆಂಬ ಹಳೆಯ ಕ್ರಿಯೆಯಿಂದ ರೂಪಿಸಿ ಹಬ್ಬಿಸಿದ ಈ ಪದ್ಧತಿಯನ್ನು, ನಿಜ ಹೇಳಬೇಕೆಂದರೆ, ನಾನು ಅದುವರೆಗೆ ನಿದ್ದೆ ಬರಿಸುವ ಉಪಾಯವೆಂದು ಹಗುರವಾಗಿ ಕಂಡಿದ್ದೆ. ಮೊದಲು ಸಂಕಲ್ಪ, ಆಮೇಲೆ ಬಲಗೈ ಹೆಬ್ಬೆರಳಿನಿಂದ ಶುರುವಾಗಿ ಒಂದೊಂದೇ ಅಂಗಕ್ಕೆ ಅರಿವನ್ನು ಒಯ್ಯುವುದು, ಆಮೇಲೆ ಭಾರ ಹಾಗೂ ಹಗುರ, ತಂಪು ಹಾಗೂ ಬಿಸಿ ಎಂಬ ವಿರುದ್ಧ ಅನುಭವಗಳನ್ನು ಎಬ್ಬಿಸುವುದು ಇದರ ಕ್ರಮ. ನಾನು ಮೊದಲು ಕೇಳಿದ್ದ ಹಿಂದಿ ಧ್ವನಿಮುದ್ರಣದಲ್ಲಿ ಅಂಗಗಳ ಹೆಸರುಗಳನ್ನು ಮನಸ್ಸು ಅನುವಾದಿಸುತ್ತ ಹಿಂದೆ ಬೀಳುತ್ತಿತ್ತು. ಆದ್ದರಿಂದ ಚಿಕಿತ್ಸೆಗೆ ಬಂದಾಗಲೆಲ್ಲ ನಾನು ಇಳಿದುಕೊಳ್ಳುತ್ತಿದ್ದ ಟಿಳಕವಾಡಿಯ ಮನೆಯಲ್ಲಿ ನನ್ನ ತಂಗಿಯೇ ಮೊಬೈಲಿನಲ್ಲಿ ಕನ್ನಡದಲ್ಲಿ ಓದಿ ಮುದ್ರಿಸಿಕೊಟ್ಟಳು. "ಅಣ್ಣಾ, ನಡುವ ಎಷ್ಟೊತ್ತು ಸುಮ್ನಿರ್ಲಿ?" ಎಂದು ಅವಳು ಕೇಳಿದ್ದೂ ಅದರಲ್ಲಿ ಸೇರಿಕೊಂಡಿತು, ಅಳಿಸಬೇಡವೆಂದೆ. ವೈದ್ಯರ ಒಪ್ಪಿಗೆ ಪಡೆದು, ಐದು ದಿನ ದಿನಕ್ಕೆರಡು ಸಲ ಅದನ್ನೇ ಕೇಳಿ ಅಭ್ಯಾಸ ಮಾಡಿಕೊಂಡು, ಹಾಸಿಗೆಯ ಮೇಲೆ ಇಯರ್‌ಫೋನ್ ಹಾಕಿಕೊಂಡೆ.

ವ್ಯತ್ಯಾಸ ಮೊದಲ ಹತ್ತು ನಿಮಿಷಗಳಲ್ಲಿಯೇ ತಿಳಿಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಎಂದು ಅವಳು ಹೆಸರು ಹೇಳುತ್ತ ಹೋದಂತೆ, ಹೇಳಿದ ಬೆರಳು ಒಮ್ಮೆ ಬೆಳಗಿದಂತಾಗಿ ಕರಗುತ್ತಿತ್ತು. ದೇಹ ಮಾಯವಾಗುವುದು ಈಗ ನನ್ನ ಮೇಲೆ ಎರಗಿದ ಆಪತ್ತಾಗಿರಲಿಲ್ಲ; ಪರಿಚಯದ ಧ್ವನಿಯೊಂದು ಒಂದೊಂದೇ ಕೋಣೆಯ ದೀಪ ಆರಿಸುತ್ತ ಜೊತೆಗೆ ಬರುತ್ತಿರುವ ಹಾಗಿತ್ತು. ದೀಪಗಳೆಲ್ಲ ಆರಿದ ಮೇಲೆ ನಾನು ನಿಂತಿದ್ದು ಹಳೇ ಬಾಗಲಕೋಟೆಯ ನಮ್ಮ ಮನೆಯಲ್ಲಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮುಳುಗಡೆಯಾದ ಆ ಮನೆಯ ಹೊಸ್ತಿಲ ಕಲ್ಲು, ಅದರ ಬಲಮೂಲೆಯಲ್ಲಿ ಅವ್ವ ಅರಿಷಿಣ ಹಚ್ಚಿ ಹಚ್ಚಿ ಹಳದಿಯಾದ ಗುರುತು, ಅದರ ಮೇಲೆ ಗುಬ್ಬಿಯೊಂದು ಕುಳಿತು ಎದ್ದು ಹೋದದ್ದು. ನೀರು ಏರುತ್ತಿತ್ತು, ಏನೂ ತೊಯ್ಯುತ್ತಿರಲಿಲ್ಲ. ನವನಗರಕ್ಕೆ ಬಂದ ಮೇಲೆ ಆ ಮನೆಗಾಗಿ ನಾನು ಒಮ್ಮೆಯೂ ಅತ್ತಿರಲಿಲ್ಲ. ಅಂದು ಕಣ್ಣುಪಟ್ಟಿ ತೊಯ್ದಿತ್ತೆಂದು ಸಿಸ್ಟರ್ ಹೇಳಿದರು. "ಬಂದದ್ದು ಬರಲಿ, ನೋಡುತ್ತೇನೆ" ಎಂಬ ಸಂಕಲ್ಪವನ್ನು ನಾನು ಆ ಹೊತ್ತಿನಲ್ಲಿ ನೆನೆಯಲಿಲ್ಲ, ಆದರೆ ಅದರಂತೆಯೇ ನಡೆದುಕೊಂಡಿದ್ದೆ. ಮುಂದಿನ ವಾರದ ಮಾತುಕತೆಯ ಚಿಕಿತ್ಸೆಯಲ್ಲಿ ವೈದ್ಯರೊಂದಿಗೆ ಆಡಲು ಆ ಹೊಸ್ತಿಲೇ ಸಾಕಾಯಿತು.

ಯೋಗನಿದ್ರೆಗೆ ಒಂದು ಕೊರತೆಯೂ ಇದೆ. ಐದನೆಯ ಸಲ ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರಿಂದ, ಔಷಧ ಏರುವ ಮುನ್ನವೇ ತೂಕಡಿಕೆ ಬಂದು ನಡುವಿನ ಭಾಗ ನೆನಪಿಲ್ಲದೆ ಹೋಯಿತು. ಆನಾಪಾನದಲ್ಲಿರುವ ಎಚ್ಚರ ಇದರಲ್ಲಿ ತಾನಾಗಿ ಬರುವುದಿಲ್ಲ. ಚಿಕಿತ್ಸೆ ಮುಗಿದ ಮರುದಿನ, ಬಸ್ಸಿನಲ್ಲಿ ಯರಗಟ್ಟಿ, ಲೋಕಾಪುರ ದಾಟಿ ಊರಿಗೆ ಮರಳುವಾಗ, ಕದಡಿದ ಮನಸ್ಸನ್ನು ತಿಳಿಗೊಳಿಸಿದ್ದು ಪ್ರತಿ ಸಲವೂ ಆನಾಪಾನವೇ. ಒಂದನ್ನೇ ಆರಿಸಬೇಕೆಂದರೆ, ಹಾಸಿಗೆಯ ಮೇಲಿನ ಆ 40 ನಿಮಿಷಕ್ಕೆ ನಾನು ಯೋಗನಿದ್ರೆಯನ್ನೇ ಆರಿಸುತ್ತೇನೆ.

ಆದರೂ ಒಂದು ಅನುಮಾನ ಉಳಿದಿತ್ತು. ಮೊದಲೆರಡು ಸಲದ ಭಯಕ್ಕೆ ಆನಾಪಾನ ಕಾರಣವೋ, ಹೊಸತನ ಕಾರಣವೋ? ಇದನ್ನು ತಿಳಿಯಲೆಂದೇ ಆರನೆಯ ಸಲ ಇಯರ್‌ಫೋನ್ ಬದಿಗಿಟ್ಟು ಮತ್ತೆ ಉಸಿರಿನ ಕಡೆಗೇ ಗಮನವಿಟ್ಟು ಮಲಗಿದೆ. ಭಯ ಬಹಳ ಕಡಿಮೆಯಾಗಿತ್ತು. ಹೊಸತನದ ಪಾಲು ಇದ್ದದ್ದು ನಿಜ. ಆದರೆ ಏಳೆಂಟು ನಿಮಿಷಕ್ಕೆ ಮೂಗು ಮತ್ತೆ ಸಿಗದಾಯಿತು, ಮತ್ತು ನಾನು ಕರೆಯದೆಯೇ ಮನಸ್ಸು ಬಲಗೈ ಹೆಬ್ಬೆರಳಿಗೆ ಹೋಗಿ, ಅಲ್ಲಿಂದ ತೋರುಬೆರಳಿಗೆ ನಡೆಯಿತು.