ರಾತ್ರಿ ಬೆವರುವವರು ‘ಕಾಟನ್ ಫೀಲ್’ ನೈಟಿಯನ್ನು ನಂಬಬೇಡಿ

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಡುರಾತ್ರಿ ಮೈಯೆಲ್ಲ ಬೆವರಿ ಎಚ್ಚರಗೊಳ್ಳುವ ಹೆಂಗಸರಿಗಾಗಿ ಇದನ್ನು ಬರೆಯುತ್ತಿದ್ದೇನೆ. ‘ಕಾಟನ್ ಫೀಲ್’, ‘ಸಾಫ್ಟ್ ಕಾಟನ್ ಸ್ಯಾಟಿನ್’, ‘ಕೂಲ್ ಸಿಲ್ಕಿ’ ಎಂಬ ಹೆಸರು ಹೊತ್ತು ಬರುವ ನೈಟಿಗಳನ್ನು ಒಳಹೊಲಿಗೆಯ ಚೀಟಿ ಓದದೆ ಕೊಳ್ಳಬೇಡಿ. ನನಗೆ ಹಣ ಹೋದದ್ದು ಸಣ್ಣ ಸಂಗತಿ. ನಿದ್ದೆ ಕೆಟ್ಟಿತು, ಎದೆಯ ಕೆಳಗೆ, ತೊಡೆಸಂದಿಯಲ್ಲಿ ಚರ್ಮ ಕೆಂಪಾಗಿ ತುರಿಕೆ ಹತ್ತಿತು. ಆ ತುರಿಕೆ ಪೂರ್ತಿ ಹೋಗಲು ತಿಂಗಳುಗಳೇ ಬೇಕಾದವು.

ನಮ್ಮದು ಉಡುಪಿ ಜಿಲ್ಲೆಯ ಕರಾವಳಿ. ಇಲ್ಲಿ ಏಪ್ರಿಲ್, ಮೇ ತಿಂಗಳಿನ ರಾತ್ರಿಗಳಲ್ಲಿ ಗಟ್ಟಿಮುಟ್ಟಾದವರೂ ಬೆವರುತ್ತಾರೆ. ಅದರ ಮೇಲೆ ಒಳಗಿನಿಂದ ಏಳುವ ಬಿಸಿ ಬೇರೆ. ಆನ್‌ಲೈನ್‌ನಲ್ಲಿ ಹುಡುಕಿದಾಗ ‘ಬೆವರು ಹೀರುವ ಕಾಟನ್ ಸ್ಯಾಟಿನ್, ಬೇಸಿಗೆಗೆ ತಂಪು’ ಎಂಬ ವಿವರಣೆಯ ನೈಟಿಗಳು ಕಂಡವು. ಬೆಲೆಯೂ ಅಗ್ಗವೇನಲ್ಲ. ಬಂದ ದಿನ ಮುಟ್ಟಿದರೆ ನಿಜಕ್ಕೂ ತಣ್ಣಗಿತ್ತು. ಆ ತಂಪು ನುಣುಪಿನಿಂದ ಬರುವುದು. ನಯವಾದ ಬಟ್ಟೆ ಮೈಗೆ ಒತ್ತಿ ಕೂರುವುದರಿಂದ ಮೊದಲ ಕ್ಷಣ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಅದೂ ಮೈಯಷ್ಟೇ ಬಿಸಿಯಾಗುತ್ತದೆ, ಆಮೇಲೆ ತಂಪೆಂಬುದಿಲ್ಲ. ಅಂಗಡಿಯಲ್ಲಿ ಕೈಯಿಂದ ಮುಟ್ಟಿ ಆರಿಸುವ ನಾವೆಲ್ಲ ಮೋಸಹೋಗುವುದು ಈ ಮೊದಲ ಕ್ಷಣದಲ್ಲೇ.

ರಾತ್ರಿ ಬಿಸಿ ಏರಿ ಬೆವರು ಒಡೆದಾಗ ಬಟ್ಟೆಯ ಗುಣ ಗೊತ್ತಾಯಿತು. ಬೆನ್ನಿಗೆ ಅಂಟಿದ ನೈಟಿಯನ್ನು ಎಳೆದು ಬಿಡಿಸಬೇಕಾಯಿತು. ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಗಾಳಿ ಮೈಗೆ ತಾಕಲಿಲ್ಲ. ಕಳಚಿ ದೀಪಕ್ಕೆ ಹಿಡಿದರೆ ಒಳಮೈಯಲ್ಲಿ ಬೆವರು ಸಣ್ಣ ಸಣ್ಣ ಹನಿಗಳಾಗಿ ನಿಂತಿತ್ತು. ನೂಲಿನೊಳಗೆ ಇಳಿದಿರಲೇ ಇಲ್ಲ. ಬಿಸಿ ಇಳಿದ ಮೇಲೆ ಅದೇ ಒದ್ದೆಯಿಂದ ಚಳಿ ಹಿಡಿದು ನಡುಗಿದೆ. ಮರುದಿನ ಕುತ್ತಿಗೆಯ ಬ್ರ್ಯಾಂಡ್ ಪಟ್ಟಿಯನ್ನು ಬಿಟ್ಟು ಪಕ್ಕದ ಹೊಲಿಗೆಯನ್ನು ತಡಕಿದಾಗ ಉಗುರಗಲದ ಇನ್ನೊಂದು ಚೀಟಿ ಸಿಕ್ಕಿತು. ಅದರ ಮೇಲೆ ಬೆಲೆಯ ಸ್ಟಿಕ್ಕರ್ ಅಂಟಿಸಿದ್ದರು. ಕಿತ್ತು ನೋಡಿದರೆ: ಪಾಲಿಯೆಸ್ಟರ್ 95%, ಸ್ಪ್ಯಾಂಡೆಕ್ಸ್ 5%. ಹತ್ತಿ ಒಂದೆಳೆಯೂ ಇಲ್ಲ.

ಸ್ಯಾಟಿನ್ ಎಂಬುದು ನೇಯ್ಗೆಯ ಬಗೆ, ನೂಲಿನ ಬಗೆಯಲ್ಲ. ರೇಷ್ಮೆಯಲ್ಲೂ ನೇಯಬಹುದು, ಹತ್ತಿಯಲ್ಲೂ ನೇಯಬಹುದು. ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವುದು ಮಾತ್ರ ಹೆಚ್ಚಾಗಿ ಪಾಲಿಯೆಸ್ಟರ್‌ನಲ್ಲಿ ನೇಯ್ದದ್ದು. ಮೈಕ್ರೋಫೈಬರ್ ಎಂಬ ಬೆಡ್‌ಶೀಟ್‌ಗಳೂ ಬಹುಪಾಲು ಪಾಲಿಯೆಸ್ಟರ್‌ನವೇ. ‘ಬಿದಿರಿನ ಬಟ್ಟೆ’ ಎಂದು ದುಬಾರಿ ಬೆಲೆಗೆ ಬರುವುದರಲ್ಲಿ ಹೆಚ್ಚಿನದು ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ತೆಗೆದ ರೇಯಾನ್. ಅಮೆರಿಕದಲ್ಲಿ ರೇಯಾನನ್ನು ಬಿದಿರೆಂದು ಮಾರಿದ್ದಕ್ಕೆ 2022ರಲ್ಲಿ ಎರಡು ದೊಡ್ಡ ಮಳಿಗೆ ಸಂಸ್ಥೆಗಳು ಒಟ್ಟು 55 ಲಕ್ಷ ಡಾಲರ್ ದಂಡ ತೆರಬೇಕಾಯಿತು. ಅಷ್ಟು ದೊಡ್ಡ ಮಳಿಗೆಗಳಲ್ಲೇ ಹೀಗಾದರೆ ನಮ್ಮ ಪೇಟೆಯಲ್ಲಿ ಹೆಸರು ನೋಡಿ ನಂಬುವುದು ಹೇಗೆ?

ಮುಟ್ಟು ನಿಲ್ಲುವ ಹೊತ್ತಿಗೆ ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಇಳಿಯುವಾಗ ಮೆದುಳಿನಲ್ಲಿ ಮೈಬಿಸಿಯನ್ನು ಕಾಯುವ ಹೈಪೋಥಲಾಮಸ್ ಬಹಳ ಸೂಕ್ಷ್ಮವಾಗಿಬಿಡುತ್ತದೆ. ಮೊದಲಾದರೆ ಲೆಕ್ಕಕ್ಕೇ ತೆಗೆದುಕೊಳ್ಳದಷ್ಟು ಸಣ್ಣ ಏರಿಕೆಗೂ ‘ಮೈ ಕಾದಿದೆ’ ಎಂದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ. ಹಾಗಾಗಿ ಗಾಳಿಯಾಡದ ಬಟ್ಟೆ ಬೆವರನ್ನು ತಡೆದಿಡುವುದಷ್ಟೇ ಅಲ್ಲ, ಮೈಸುತ್ತ ಬಿಸಿಯನ್ನು ಕೂಡಿಟ್ಟು ಮುಂದಿನ ಸುತ್ತಿಗೂ ದಾರಿ ಮಾಡುತ್ತದೆ. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ, ಹರಿದು ಹೋದರೆ ತಣಿಯುವುದಿಲ್ಲ. ಸಾಧಾರಣ ಹವೆಯಲ್ಲಿ ನೂರು ಗ್ರಾಂ ಒಣ ಹತ್ತಿ ಎಂಟು ಗ್ರಾಂನಷ್ಟು ತೇವವನ್ನು ತನ್ನೊಳಗೆ ಇಟ್ಟುಕೊಳ್ಳಬಲ್ಲದು. ಪಾಲಿಯೆಸ್ಟರ್‌ಗೆ ಅರ್ಧ ಗ್ರಾಂ ಕೂಡ ಸಾಧ್ಯವಿಲ್ಲ.

ಓಟಗಾರರ ಪಾಲಿಯೆಸ್ಟರ್ ಅಂಗಿ ಬೇಗ ಆರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಅದರ ನೂಲನ್ನು ಬೆವರು ಹರಡುವಂತೆ ಬೇರೆಯೇ ರೀತಿ ಮಾಡಿರುತ್ತಾರೆ, ಓಡುವಾಗ ಗಾಳಿಯೂ ಬೀಸುತ್ತಿರುತ್ತದೆ. ಹಾಸಿಗೆಯಲ್ಲಿ ಬೆನ್ನ ಕೆಳಗೆ ಗಾಳಿ ಎಲ್ಲಿಂದ ಬರಬೇಕು?

ಎರಡನೆಯ ಸಲ ಊರಿನ ಅಂಗಡಿಗೇ ಹೋದೆ. ಮಾರುವ ಹುಡುಗ “ಅಕ್ಕಾ, ಇದು ನೂರಕ್ಕೆ ನೂರು ಕಾಟನ್, ಕಣ್ಣು ಮುಚ್ಚಿ ತೆಗೆದುಕೊಳ್ಳಿ” ಎಂದ. ಒಂದನ್ನು ತಂದು ನಮ್ಮ ಮನೆಯ ಹತ್ತಿರ ಹೊಲಿಗೆ ಮಾಡುವ ಅಕ್ಕನಿಗೆ ತೋರಿಸಿದೆ. ಅವರು ಒಳಹೊಲಿಗೆಯ ಅಂಚಿನಿಂದ ಅಡ್ಡ ಎಳೆಗಳನ್ನೂ ಉದ್ದ ಎಳೆಗಳನ್ನೂ ಬೇರೆ ಬೇರೆ ಕಿತ್ತರು. ಚಿಮಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಮೇಣದ ಬತ್ತಿಗೆ ತಾಗಿಸಿದರು. ಶುದ್ಧ ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು, ಬೆರಳಿಗೆ ಸಿಕ್ಕರೆ ಪುಡಿಯಾಗುವ ಬೂದಿ ಉಳಿಯುತ್ತದೆ. ನಾನು ತಂದದ್ದರಲ್ಲಿ ಬೂದಿಯೂ ಬಂತು, ಎಳೆಯ ತುದಿ ಮುದುಡಿ ಸಾಸಿವೆಗಿಂತ ಚಿಕ್ಕದೊಂದು ಕಪ್ಪು ಗಟ್ಟಿ ಮಣಿಯೂ ಕಟ್ಟಿತು. ತಣ್ಣಗಾದ ಮೇಲೆ ಒತ್ತಿದರೂ ಒಡೆಯಲಿಲ್ಲ. “ಮಿಕ್ಸ್ ಬಟ್ಟೆ ಇದು, ಮರಳಿ ಕೊಟ್ಟು ಬನ್ನಿ” ಎಂದರು. ಅಂಗಡಿಯವರು ಹಣ ಕೊಡಲು ಒಪ್ಪದೆ ಬೇರೆ ಬಟ್ಟೆ ಕೊಟ್ಟರು. ಈ ಪರೀಕ್ಷೆಯಲ್ಲಿ ರೇಯಾನ್ ಕೂಡ ಹತ್ತಿಯಂತೆಯೇ ಉರಿಯುತ್ತದೆ ಎಂಬುದು ನೆನಪಿರಲಿ. ಮಾಡುವಾಗ ಮಕ್ಕಳನ್ನು ದೂರ ಇಡಿ, ಒಂದೆರಡು ಎಳೆಗಿಂತ ಹೆಚ್ಚು ಸುಡಬೇಡಿ. ಅಂದ ಹಾಗೆ, ಬೆಳಗ್ಗೆ ನೈಟಿಯಲ್ಲೇ ಗ್ಯಾಸ್ ಹಚ್ಚುವ ನಾವು ಆ ಕಪ್ಪು ಮಣಿಯನ್ನು ಒಮ್ಮೆ ನೋಡಬೇಕು. ಬೆಂಕಿ ತಗುಲಿದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಕರಗದಿದ್ದರೂ ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಸಡಿಲ ತೋಳಿನ ನೈಟಿಯಲ್ಲಿ ಒಲೆಯ ಮುಂದೆ ನಿಲ್ಲಲೇಬೇಡಿ.

ಈಗ ನಾನು ಉಡುವುದು ತೆಳು ಹತ್ತಿಯ ಮಲ್‌ಮಲ್ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ತಂದು ಹೊಲಿಸಿದ್ದು, ಇನ್ನೊಂದು ಅಮ್ಮನ ಹಳೆಯ ಉಡುಪಿ ಕೈಮಗ್ಗದ ಸೀರೆಯಿಂದ ಹೊಲಿಸಿದ್ದು. ಒಗೆದೊಗೆದು ಮೆತ್ತಗಾದ ಆ ಸೀರೆಗೆ ಸರಿಗಟ್ಟುವ ಬಟ್ಟೆ ನನಗೆ ಅಂಗಡಿಯಲ್ಲಿ ಸಿಕ್ಕಿಲ್ಲ. ಹತ್ತಿ ಎಂದಾಕ್ಷಣ ಎಲ್ಲವೂ ಸರಿಯೆಂದಲ್ಲ. ದಪ್ಪ ಹೊಸೈರಿ (ಬನಿಯನ್ನಿನಂತೆ ಹೆಣೆದ ಬಟ್ಟೆಯ) ನೈಟಿ ಬೆವರನ್ನೇನೋ ಹೀರುತ್ತದೆ, ಆದರೆ ಒದ್ದೆಯಾಗಿಯೇ ಉಳಿದು ಬೆಳಗಿನ ಜಾವ ಚಳಿ ಹಿಡಿಸುತ್ತದೆ. ರೇಯಾನ್ ಹತ್ತಿಗಿಂತ ಹೆಚ್ಚು ಹೀರುತ್ತದಾದರೂ ಒದ್ದೆಯಾದಾಗ ಮೈಗೆ ಮೆತ್ತಿಕೊಳ್ಳುತ್ತದೆ, ಅದರ ನೂಲಿನ ಬಲವೂ ಆಗ ಕುಗ್ಗುತ್ತದೆ. ನಮ್ಮ ಮಳೆಗಾಲದಲ್ಲಂತೂ ಬಟ್ಟೆ ಒಣಗುವುದೇ ಕಷ್ಟ. ತೆಳ್ಳಗಿನದನ್ನೇ ಆರಿಸಿ, ಒಂದು ಜೊತೆ ಹೆಚ್ಚಾಗಿಯೇ ಇಟ್ಟುಕೊಳ್ಳಿ. ಮುಂದೆ ಗುಂಡಿ ಇದ್ದರೆ ಕತ್ತಲಲ್ಲೂ ಬೇಗ ಬದಲಿಸಬಹುದು. ಹೊಸ ಬಟ್ಟೆಯ ಗಂಜಿ ಹೋಗುವಂತೆ ಒಗೆದ ಮೇಲೆಯೇ ಉಡಿ. ಘಮಘಮಿಸುವ ಫ್ಯಾಬ್ರಿಕ್ ಕಂಡೀಷನರ್ ಬೇಡ. ಅದು ನೂಲಿನ ಮೇಲೆ ಪದರ ಕಟ್ಟಿ ಹೀರುವ ಗುಣವನ್ನೇ ಕೆಡಿಸುತ್ತದೆ. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಪದರದ ಮ್ಯಾಟ್ರೆಸ್ ಪ್ರೊಟೆಕ್ಟರ್ ಇದ್ದರೆ ಅದನ್ನೂ ತೆಗೆದು ನೋಡಿ.

ಹಣದ ವಿಷಯ. ಆನ್‌ಲೈನ್ ಮಾರಾಟಗಾರರಿಗೆ ದೂರು ಕೊಟ್ಟಾಗ “ಮೇಡಂ, ರಾತ್ರಿ ಉಡುಪು ಒಳ ಉಡುಪಿನ ವರ್ಗಕ್ಕೆ ಸೇರುತ್ತದೆ, ವಾಪಸ್ ಪಡೆಯುವುದಿಲ್ಲ” ಎಂಬ ಉತ್ತರ ಬಂತು. ಅಷ್ಟಕ್ಕೇ ಸುಮ್ಮನಾಗಬೇಡಿ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಾಟಗಾರರು ಅದನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. ಪುಟದ ವಿವರಣೆಯ ಸ್ಕ್ರೀನ್‌ಶಾಟ್ ಮತ್ತು ಒಳಚೀಟಿಯ ಫೋಟೊ ನನ್ನ ಬಳಿ ಇದ್ದವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ ಮೇಲೆ ಹಣ ಮರಳಿ ಬಂತು. ಆರ್ಡರ್ ಮಾಡುವ ಹೊತ್ತಿಗೇ ಸ್ಕ್ರೀನ್‌ಶಾಟ್ ತೆಗೆದಿಡಿ, ವಿವರಣೆಯನ್ನು ಆಮೇಲೆ ಬದಲಿಸುವವರಿದ್ದಾರೆ.

ತುರಿಕೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಔಷಧದಂಗಡಿಯವರು “ಎಲ್ಲದಕ್ಕೂ ಆಗುತ್ತದೆ” ಎಂದು ಕೊಡುವ ಟ್ಯೂಬ್‌ಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಎರಡು ದಿನಕ್ಕೆ ತುರಿಕೆ ಮಾಯವಾದಂತೆ ಕಾಣುತ್ತದೆ, ತುರಿಕೆ ಶಿಲೀಂಧ್ರದ್ದಾಗಿದ್ದರೆ (ಫಂಗಸ್) ಅದು ಒಳಗೆ ಹಬ್ಬುತ್ತಲೇ ಇರುತ್ತದೆ, ಸಂದಿಯ ಚರ್ಮ ತೆಳುವಾಗುತ್ತದೆ. ನನಗೂ ಅಂಥದೇ ಟ್ಯೂಬ್ ಕೊಟ್ಟಿದ್ದರು. ಗುಣವಾಗಲು ತಿಂಗಳುಗಳು ಹಿಡಿಯಲು ಅದೂ ಕಾರಣವೆಂದು ಚರ್ಮವೈದ್ಯೆ ಹೇಳಿದರು. ವೈದ್ಯರ ಚೀಟಿಯಿಲ್ಲದೆ ಅಂಥ ಮುಲಾಮು ಕೊಳ್ಳಬೇಡಿ.

ಬಟ್ಟೆ ಬದಲಿಸಿದ ಮೇಲೆ ನನಗೆ ಬಿಸಿ ಏರುವುದು ನಿಂತಿಲ್ಲ, ಆದರೆ ಎದ್ದ ಮೇಲೆ ಮತ್ತೆ ನಿದ್ದೆ ಹತ್ತುತ್ತದೆ. ಬಿಸಿಯೇ ತಡೆಯಲಾಗದಷ್ಟಿದ್ದರೆ ಸ್ತ್ರೀರೋಗ ತಜ್ಞರ ಬಳಿ ಚಿಕಿತ್ಸೆಯಿದೆ, ‘ವಯಸ್ಸಿನ ಸಹಜ’ ಎಂದು ಸಹಿಸಿಕೊಂಡು ಕೂರಬೇಕಿಲ್ಲ. ರಾತ್ರಿ ಬೆವರೆಲ್ಲವೂ ಮುಟ್ಟು ನಿಲ್ಲುವುದರಿಂದಲೇ ಬರುತ್ತದೆಂದೂ ತಿಳಿಯಬೇಡಿ. ಥೈರಾಯ್ಡ್ ಏರಿದಾಗ, ಸಕ್ಕರೆ ಕಾಯಿಲೆಯ ಔಷಧದಿಂದ ಸಕ್ಕರೆ ತೀರಾ ಇಳಿದಾಗ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಜೊತೆಗೆ ಸಂಜೆಯ ಜ್ವರ, ಎರಡು ವಾರ ಮೀರಿದ ಕೆಮ್ಮು, ಕಾರಣವಿಲ್ಲದೆ ಇಳಿಯುವ ತೂಕ, ಕುತ್ತಿಗೆಯಲ್ಲೋ ಕಂಕುಳಲ್ಲೋ ಗಂಟು ಇವುಗಳಲ್ಲಿ ಯಾವುದೇ ಇದ್ದರೂ ನೈಟಿಯ ಚಿಂತೆ ಬಿಟ್ಟು ಮೊದಲು ವೈದ್ಯರಲ್ಲಿಗೆ ಹೋಗಿ. ಕ್ಷಯದ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.