ಹರಾಜಲ್ಲಿ ಚಿನ್ನದ ಕಾಂಪ್ಯಾಕ್ಟ್ ತಗೊಳ್ಳೋರು ಬರೀ ಮುಚ್ಚಳ ನೋಡಿ ದುಡ್ಡು ಕಟ್ಬೇಡಿ

ಇಂಗ್ಲೆಂಡಲ್ಲಿ ಇದ್ಕೊಂಡು ಹರಾಜಲ್ಲಿ ಹಳೇ ಒಡವೆ ಹಿಡಿಯೋ ಹುಚ್ಚು ನಮ್ಮವರಲ್ಲಿ ಸುಮಾರು ಜನಕ್ಕಿದೆ, ಚಿನ್ನದ ರೇಟು ಈ ಪಾಟಿ ಏರಿದ ಮೇಲಂತೂ ಕೇಳೋದೇ ಬೇಡ. ಅವ್ರಿಗೋಸ್ಕರ ಇದನ್ನ ಬರೀತಿದೀನಿ. ನಮ್ಮ ಅತ್ತಿಗೆಗೆ ಆಗಿದ್ದು ಇದು, ಹರಾಜಿನವರ ಹೆಸರು ಬೇಡ, ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಸಣ್ಣ ಕಂಪನಿ ಅಂತಿಟ್ಕೊಳ್ಳಿ.

ಕ್ಯಾಟಲಾಗಲ್ಲಿ ಇದ್ದಿದ್ದು ಇಷ್ಟು: 1950ರ ದಶಕದ ಒಂಬತ್ತು ಕ್ಯಾರೆಟ್ ಚಿನ್ನದ ಪೌಡರ್ ಕಾಂಪ್ಯಾಕ್ಟ್ (ಮುಖಕ್ಕೆ ಹಚ್ಚೋ ಪೌಡರ್ ಇಡೋ ಪುಟ್ಟ ಡಬ್ಬಿ), ಕೆಂಪಿನ (ರೂಬಿ) ಹರಳು ಕೂರಿಸಿದ ಕೊಂಡಿ, ಬರ್ಮಿಂಗ್‌ಹ್ಯಾಮ್ ಹಾಲ್‌ಮಾರ್ಕ್, ಒಟ್ಟು ತೂಕ 150 ಗ್ರಾಂ. ಫೋಟೋ ಏನೋ ಚೆನ್ನಾಗೇ ಇತ್ತು, ಮುಚ್ಚಳದ ತುಂಬ ಸೂರ್ಯನ ಕಿರಣದ ತರ ಸಣ್ಣ ಸಣ್ಣ ಗೆರೆ, ಒಳಗಡೆ ಕನ್ನಡಿ. ಅತ್ತಿಗೆ ತಕ್ಷಣ ಲೆಕ್ಕ ಹಾಕಿದ್ರು, ಒಂಬತ್ತು ಕ್ಯಾರೆಟ್ ಅಂದ್ರೆ 37.5 ಪರ್ಸೆಂಟು, 150 ಗ್ರಾಮಿಗೆ ಹತ್ತಿರ ಹತ್ತಿರ 56 ಗ್ರಾಂ ಅಪರಂಜಿ, ಹಾಗಾದ್ರೆ ಕರಗಿಸಿದ್ರೂ ಲುಕ್ಸಾನಿಲ್ಲ ಅಂತ. ಇಂಥ ಡಬ್ಬಿ ಮಾರೋರು ನಂಬಿಕೊಂಡಿರೋದೇ ಈ ಲೆಕ್ಕಾನ.

1800 ಪೌಂಡಿಗೆ ಸವಾಲು ನಿಂತಿತು. ಆದ್ರೆ ಕೊಡಬೇಕಾದ್ದು 1800 ಅಲ್ಲ, ಅದ್ರ ಮೇಲೆ ಹರಾಜಿನವರ ಕಮಿಷನ್ 25 ಪರ್ಸೆಂಟು, ಅಂದ್ರೆ 450, ಆ ಕಮಿಷನ್ ಮೇಲೆ 20 ಪರ್ಸೆಂಟ್ ವ್ಯಾಟ್ 90, ಒಟ್ಟು 2340. ಪೋಸ್ಟೇಜ್ ಬೇರೆ. ಇದನ್ನ ಅವ್ರು ಮುಚ್ಚಿಟ್ಟಿರಲ್ಲ, ಅದು ನಿಜ.

ಡಬ್ಬಿ ಬಂತು. ನಾನು ಕೈಲಿ ಹಿಡಿದು ತೆರೆದೆ, ಮುಚ್ಚಳದ ಒಳಮೈಲಿ ಮುದ್ರೆ ಸ್ಪಷ್ಟವಾಗಿತ್ತು: ತಯಾರಕರ ಇನಿಷಿಯಲ್ಲು, 9 ಮತ್ತು .375, ಬರ್ಮಿಂಗ್‌ಹ್ಯಾಮಲ್ಲಿ ಪರೀಕ್ಷೆ ಆಗಿದೆ ಅನ್ನೋ ಗುರುತಿನ ಲಂಗರು, ವರ್ಷ ತೋರಿಸೋ ಅಕ್ಷರ. ತಳಭಾಗ ತಿರುಗಿಸಿ ನೋಡಿದ್ರೆ ಏನೂ ಇಲ್ಲ, ಪೌಡರ್ ಕೂರೋ ಬಟ್ಟಲಿನ ಒಳಗೂ ಇಲ್ಲ, ಕೀಲಿನ ಹತ್ತಿರ ಮಾತ್ರ ಹಳದಿ ಸವೆದು ಒಳಗಿಂದ ಬೇರೆ ಬಣ್ಣ ಇಣುಕ್ತಿತ್ತು. "ಅತ್ತಿಗೆ, ಮುಚ್ಚಳದ ಚಿನ್ನ ಬೇರೆ, ತಳದ ಚಿನ್ನ ಬೇರೆ ಕಾಣ್ತಿದೆ ನೋಡಿ" ಅಂದೆ. "ಹಳೇದಲ್ವೇನೋ, ಮಾಸಿರುತ್ತೆ ಬಿಡೋ" ಅಂದ್ರು.

ಬರ್ಮಿಂಗ್‌ಹ್ಯಾಮ್ ಜ್ಯೂವೆಲರಿ ಕ್ವಾರ್ಟರ್‌ನಲ್ಲಿ ಹಳೇ ಡಬ್ಬಿ ರಿಪೇರಿ ಮಾಡೋ ಒಬ್ಬ ಅಕ್ಕಸಾಲಿ ಹತ್ರ ತಗೊಂಡೋದ್ವಿ. ಆತ ನಮ್ಮೆದುರೇ ಕನ್ನಡಿ ಬಿಚ್ಚಿ, ಒಂದೊಂದೇ ಭಾಗ ತಕ್ಕಡಿಗಿಟ್ಟ. ದಪ್ಪ ಕನ್ನಡಿ, ಅದರ ಹಿಂದೆ ಒಂದು ತಗಡು, ಒಳಮುಚ್ಚಳ ಗಿಲೀಟು ಮಾಡಿದ ಹಿತ್ತಾಳೆ, ತಳವೂ ಹಿತ್ತಾಳೆನೇ. ಚಿನ್ನ ಇದ್ದಿದ್ದು ಮೇಲಿನ ಮುಚ್ಚಳದಲ್ಲಿ ಮತ್ತೆ ಕೊಂಡಿಯಲ್ಲಿ, ಎರಡೂ ಸೇರಿ 40 ಗ್ರಾಂ ಕೂಡ ಇರ್ಲಿಲ್ಲ, ಅದೂ ಒಂಬತ್ತು ಕ್ಯಾರೆಟ್ಟು. ಯಾವಾಗ್ಲೋ ತಳ ಹಾಳಾಗಿ ಯಾರೋ ಬೇರೆ ಡಬ್ಬಿಯ ತಳಕ್ಕೆ ಈ ಮುಚ್ಚಳ ಜೋಡಿಸಿದಾರೆ.

ಕೆಂಪುಗಳ ಕಥೆ ಇನ್ನೊಂದು. ಲೂಪಲ್ಲಿ, ಅಂದ್ರೆ ಅಕ್ಕಸಾಲಿಗಳ ಪುಟ್ಟ ಭೂತಗನ್ನಡಿಲಿ, ನೋಡಿದ್ರೆ ಹರಳೊಳಗೆ ಬಾಗಿದ ಗೆರೆಗಳು, ಅಂದ್ರೆ ಬೆಂಕಿ ಜ್ವಾಲೆಲಿ ಬೆಳೆಸಿದ ಸಿಂಥೆಟಿಕ್ ಕೆಂಪು, ನೆಲದಿಂದ ತೆಗೆದ ಕೆಂಪಲ್ಲಿ ಈ ತರ ಬಾಗಿದ ಗೆರೆ ಇರಲ್ಲ. ಇದೊಂದನ್ನ ಮೋಸ ಅನ್ನೋಕಾಗಲ್ಲ, ಯಾಕಂದ್ರೆ ಫ್ರಾನ್ಸಿನ ವೆರ್ನೋಯ್ ಈ ವಿಧಾನಾನ 1902ರಲ್ಲೇ ಹೊರಗೆ ಹಾಕಿದ, ಆಮೇಲಿನ ಅಸಲಿ ಹಳೇ ಒಡವೆಗಳಲ್ಲೂ ಇದೇ ಹರಳು ಬೇಕಾದಷ್ಟು ಬರುತ್ತೆ. ಆದ್ರೆ ಕ್ಯಾಟಲಾಗಲ್ಲಿ ಬರೀ ಕೆಂಪು ಅಂತ ಇದ್ರೆ ಜನ ಬೆಲೆಬಾಳೋ ಬರ್ಮಾ ಕೆಂಪಿನ ಕನಸು ಕಾಣ್ತಾರೆ, ಅದು ಬರೆಯೋರಿಗೂ ಗೊತ್ತು.

ಹರಾಜಿನವರಿಗೆ ಫೋನ್ ಮಾಡಿದ್ರೆ ಬಂದ ಉತ್ತರ ಏನು ಗೊತ್ತಾ, ಒಟ್ಟು ತೂಕ ಅಂತ ಬರೆದಿದೀವಲ್ಲ, ಪ್ರದರ್ಶನಕ್ಕಿಟ್ಟಾಗ ಬಂದು ನೋಡಬಹುದಿತ್ತಲ್ಲ ಅಂತ. ಆನ್‌ಲೈನಲ್ಲಿ ತಗೊಂಡಿದ್ದಕ್ಕೆ 14 ದಿನದಲ್ಲಿ ವಾಪಸ್ ಮಾಡೋ ಹಕ್ಕಿದೆ ಅಂತ ಅತ್ತಿಗೆ ಹೇಳಿದ್ರು, ಅದೂ ನಡೀಲಿಲ್ಲ, ಯಾಕಂದ್ರೆ ಖುದ್ದಾಗಿ ಹೋಗಿ ಕೂಗೋ ಅವಕಾಶ ಇರೋ ಸಾರ್ವಜನಿಕ ಹರಾಜಿಗೆ ಆ ನಿಯಮ ಅನ್ವಯಿಸಲ್ಲ, ನೀವು ಮನೇಲಿ ಸೋಫಾ ಮೇಲೆ ಕೂತು ಬಿಡ್ ಮಾಡಿದ್ರೂ ಅಷ್ಟೇ. ಹಿಡಿತ ಇರೋದು ಬೇರೆ ಕಡೆ. 1973ರ ಹಾಲ್‌ಮಾರ್ಕಿಂಗ್ ಕಾಯ್ದೆ ಪ್ರಕಾರ ವ್ಯಾಪಾರದವರು ಹಾಲ್‌ಮಾರ್ಕ್ ಮುದ್ರೆ ಇಲ್ಲದ್ದನ್ನ ಸಾಮಾನ್ಯವಾಗಿ ಚಿನ್ನ ಅಂತ ವರ್ಣಿಸೋ ಹಾಗಿಲ್ಲ. ಹುಷಾರಾಗಿರೋ ಹರಾಜಿನವರು ಅಂಥದ್ದನ್ನ ಯೆಲ್ಲೋ ಮೆಟಲ್ (ಹಳದಿ ಲೋಹ) ಅಂತ ಮಾತ್ರ ಬರೆಯೋದು ಅದಕ್ಕೇ. ಇವ್ರು ಇಡೀ ಡಬ್ಬಿನ ಒಂಬತ್ತು ಕ್ಯಾರೆಟ್ ಅಂದಿದಾರೆ. ಜನಕ್ಕೆ ಸಲಹೆ ಕೊಡೋ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ ಮೂಲಕ, ವ್ಯಾಪಾರದ ಮೋಸ ವಿಚಾರಿಸೋ ಸರ್ಕಾರಿ ವಿಭಾಗ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ದೂರು ಹೋಗಿದೆ, ಅಕ್ಕಸಾಲಿ ಬರೆದುಕೊಟ್ಟ ತೂಕದ ಚೀಟಿ ಜೊತೆಗೆ. ಅದಾದ ಮೇಲೆ ಹರಾಜಿನವರ ದನಿ ಸ್ವಲ್ಪ ಮೆತ್ತಗಾಗಿದೆ, ಕಮಿಷನ್ ವಾಪಸ್ ಕೊಡ್ತೀವಿ ಅಂತಿದಾರೆ, ಅತ್ತಿಗೆ ಪೂರ್ತಿ ದುಡ್ಡು ಬೇಕು ಅಂತ ಕೂತಿದಾರೆ.

ನೀವು ಬಿಡ್ ಮಾಡೋ ಮುಂಚೆ ಒಂದು ಮೇಲ್ ಹಾಕಿ. ಮುಚ್ಚಳ, ತಳ, ಒಳಮುಚ್ಚಳ ಮೂರರ ಮುದ್ರೆಯ ಫೋಟೋ ಬೇರೆ ಬೇರೆ ಕೇಳಿ, ಕನ್ನಡಿ ಬಿಟ್ಟು ಚಿನ್ನ ಎಷ್ಟು ತೂಗಬಹುದು ಅಂತ ಕೇಳಿ, ಹರಳು ಟೆಸ್ಟ್ ಆಗಿದ್ಯಾ ಕೇಳಿ, ಎಲ್ಲಾನೂ ಬರಹದಲ್ಲೇ. ಮ್ಯಾಗ್ನೆಟ್ ಹಿಡಿದು ನೋಡೋದು ದಂಡ, ಹಿತ್ತಾಳೆಗೂ ಮ್ಯಾಗ್ನೆಟ್ ಅಂಟಲ್ಲ. ಮೆಷಿನ್ ಟೆಸ್ಟ್ ಮಾಡಿಸಿದೀವಿ ಅಂದ್ರೂ ಎಲ್ಲೆಲ್ಲಿ ಇಟ್ಟು ಮಾಡಿದ್ರು ಕೇಳಿ, ಅದು ನೋಡೋದು ಮೇಲ್ಮೈ ಅಷ್ಟೇ, ಗಿಲೀಟು ದಪ್ಪ ಇದ್ರೆ ಅದೂ ಚಿನ್ನ ಅಂತಲೇ ತೋರಿಸುತ್ತೆ. ಮೇಲಿಗೆ ಉತ್ತರ ಬರ್ಲಿಲ್ವಾ, ಆ ಲಾಟ್ ಬಿಟ್ಬಿಡಿ.