ಪಾತ್ರೆ ತೊಳೆಯುವ ಹೊತ್ತಿನ ಪಿಂಕ್ ಫ್ಲಾಯ್ಡ್: ‘ಅಬ್ಸ್‌ಕ್ಯೂರ್ಡ್ ಬೈ ಕ್ಲೌಡ್ಸ್’ ಜೊತೆ ಹಲವು ವರ್ಷ

ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಅಂದ ಕೂಡಲೇ ಮಾತು 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಕಡೆಗೆ ಹೋಗುತ್ತದೆ. ಆ ಆಲ್ಬಂ ಮಾಡುತ್ತಿದ್ದಾಗಲೇ ಅದನ್ನು ಸ್ವಲ್ಪ ದಿನ ಪಕ್ಕಕ್ಕಿಟ್ಟು, ಬಾರ್ಬೆ ಶ್ರೋಡರ್ ನಿರ್ದೇಶನದ ‘ಲಾ ವಾಲೆ’ ಎಂಬ ಸಿನಿಮಾಗೆಂದು ಇವರು ಮಾಡಿಕೊಟ್ಟ ಆಲ್ಬಂ ‘ಅಬ್ಸ್‌ಕ್ಯೂರ್ಡ್ ಬೈ ಕ್ಲೌಡ್ಸ್’. 1972ರ ಜೂನ್‌ನಲ್ಲಿ ಬಂತು. ನನ್ನ ಮನೆಯಲ್ಲಿ ಬೇರೆ ಯಾವ ಫ್ಲಾಯ್ಡ್ ಆಲ್ಬಮ್ಮೂ ಇಷ್ಟು ಸಲ ಓಡಿಲ್ಲ.

ಕೇಳುವುದು ರಾತ್ರಿ, ಊಟ ಆದಮೇಲೆ. ಸಣ್ಣ ಬ್ಲೂಟೂತ್ ಸ್ಪೀಕರನ್ನು ಅಡುಗೆಮನೆಯಲ್ಲಿ ಇಡುವುದಿಲ್ಲ, ಪಕ್ಕದ ಕೋಣೆಯಲ್ಲಿ ಇಡುತ್ತೇನೆ. ಬಾಗಿಲು ಅರ್ಧ ತೆರೆದಿರುತ್ತದೆ. ನಲ್ಲಿ ತಿರುಗಿಸುತ್ತಿದ್ದಂತೆ ಮೊದಲ ಟ್ರ್ಯಾಕ್‌ನ ವಿಸಿಎಸ್3 ಎಂಬ ಸಿಂಥಸೈಜರ್ ಗುಂಯ್ ಅನ್ನಲು ಶುರು. ಅದರ ಮೇಲೆ ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ ಗಿಟಾರ್ ನಿಧಾನವಾಗಿ ಏಳುತ್ತದೆ. ನೀರಿನ ಸದ್ದಿಗೂ ಈ ಸದ್ದಿಗೂ ಜಗಳವೇ ಇಲ್ಲ. ದೊಡ್ಡ ತಪ್ಪಲೆಗಳನ್ನು ‘ವೆನ್ ಯು ಆರ್ ಇನ್’ನ ಭಾರವಾದ ಡ್ರಮ್ಸ್‌ಗೆ ಬಿಡುತ್ತೇನೆ, ಲೋಟಗಳು ‘ಬರ್ನಿಂಗ್ ಬ್ರಿಜಸ್’ಗೆ. ಆಲ್ಬಂ ಸುಮಾರು 40 ನಿಮಿಷ. ‘ಫ್ರೀ ಫೋರ್’ ಬರುವಷ್ಟರಲ್ಲಿ ಕಟ್ಟೆ ಒರೆಸುವುದೊಂದೇ ಬಾಕಿ ಇರುತ್ತದೆ. ಕೈ ಒರೆಸಿಕೊಂಡು ಕೂತು ಕೇಳುವ ಹಾಡು ‘ಸ್ಟೇ’. ಅದನ್ನು ಹಾಡಿದ್ದು ಕೀಬೋರ್ಡಿನ ರಿಚರ್ಡ್ ರೈಟ್. ಆ ಮೆತ್ತಗಿನ ದನಿ ನನಗೆ ಬಹಳ ಇಷ್ಟ.

ಹೆಡ್‌ಫೋನ್ ಹಾಕಿಕೊಂಡೂ ಕೇಳಿದ್ದೇನೆ. ಚೆನ್ನಾಗಿಯೇ ಇರುತ್ತದೆ. ಆದರೆ ಪಕ್ಕದ ಕೋಣೆಯಿಂದ ಬಂದಾಗ ಸಿಗುವ ಖುಷಿ ಅಲ್ಲಿಲ್ಲ. ಇದಕ್ಕೆ ಒಂದು ಕಾರಣ ಇದೆ ಅಂತ ನನಗನ್ನಿಸುತ್ತದೆ. ಇದೇ ನಿರ್ದೇಶಕ ಬಾರ್ಬೆ ಶ್ರೋಡರ್ 1969ರಲ್ಲಿ ‘ಮೋರ್’ ಸಿನಿಮಾಗೆ ಇವರಿಂದ ಸಂಗೀತ ಮಾಡಿಸಿದ್ದರು. ದೃಶ್ಯದ ಹಿಂದೆ ಸುಮ್ನೆ ಹರಿಯುವ ಸಂಗೀತ ಅವರಿಗೆ ಬೇಕಿರಲಿಲ್ಲ. ಕಾರಿನಲ್ಲಿ ಯಾರಾದರೂ ರೇಡಿಯೊ ಹಚ್ಚಿದರೆ ಹಾಡು ಆ ರೇಡಿಯೊದಿಂದಲೇ ಬರಬೇಕು. ಅಂದರೆ ಇವರು ಶ್ರೋಡರ್‌ಗೆ ಹಾಡು ಮಾಡಲು ಕಲಿತದ್ದೇ ಹಾಗೆ: ಎಲ್ಲೋ ಒಂದು ಮೂಲೆಯಿಂದ, ಬೇರೆಯವರ ಬದುಕಿನ ಮಧ್ಯೆ ಕೇಳಿಸುವ ಹಾಗೆ. ನನ್ನ ಪಾತ್ರೆಗಳ ಮಧ್ಯೆ ಇದು ಇಷ್ಟು ಸಲೀಸಾಗಿ ಹೊಂದಿಕೊಳ್ಳುವುದು ಅದಕ್ಕೇ ಇರಬೇಕು.

ಇನ್ನು ನನಗೆ ಸಿಟ್ಟು ಬರಿಸುವ ವಿಷಯ. ಹಾಡುಗಳನ್ನು ಮುಗಿಸಿಯೇ ಇಲ್ಲ! ‘ದಿ ಗೋಲ್ಡ್ ಇಟ್ಸ್ ಇನ್ ದಿ...’ನಲ್ಲಿ ಗಿಟಾರ್ ಸೋಲೊ ಕಾವೇರುತ್ತಿರುತ್ತದೆ, ಅಷ್ಟರಲ್ಲಿ ಸದ್ದು ಇಳಿಯತೊಡಗುತ್ತದೆ. ‘ಚೈಲ್ಡ್‌ಹುಡ್ಸ್ ಎಂಡ್’ ಕಥೆಯೂ ಅದೇ. ಗಿಲ್ಮೋರ್ ತಾವೇ ಸಾಹಿತ್ಯ ಬರೆದ ಹಾಡು ಅದು. ಆಮೇಲೆ 1987ರ ಆಲ್ಬಂವರೆಗೆ ಬ್ಯಾಂಡ್‌ಗೆ ಅವರು ಸಾಹಿತ್ಯವನ್ನೇ ಬರೆಯಲಿಲ್ಲ. ಅಂಥ ಹಾಡು ಬಿಸಿಯೇರಿದ ಹೊತ್ತಲ್ಲೇ ಮರೆಯಾಗಿಬಿಡುತ್ತದೆ. ಶುರುವಿನಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಕೇಳಿದ ಮೇಲೆ, ಸದ್ದು ಇಳಿಯುವ ಆ ಜಾಗ ಬರುವ ಮೊದಲೇ ಮನಸ್ಸು ಕಹಿಯಾಗುತ್ತದೆ.

ಇದೂ ಸಿನಿಮಾದ ಲೆಕ್ಕವೇ. ಪ್ಯಾರಿಸ್ ಹತ್ತಿರದ ಷಾತೋ ದೆರೂವಿಲ್ ಎಂಬ ಹಳೇ ಬಂಗಲೆಯ ಸ್ಟುಡಿಯೊದಲ್ಲಿ, 1972ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ರೆಕಾರ್ಡ್ ಮಾಡಿದ್ದು. ನಡುವೆ ಜಪಾನ್ ಪ್ರವಾಸ ಬೇರೆ. ಸಿನಿಮಾದ ಒರಟು ಪ್ರತಿ ನೋಡಿ, ಸ್ಟಾಪ್‌ವಾಚ್ ಹಿಡಿದು ಸಮಯ ಗುರುತು ಹಾಕಿಕೊಂಡು, ಅದಕ್ಕೆ ತಕ್ಕ ತುಣುಕು ಮಾಡಿದರು. ಪೂರ್ತಿ ಹಾಡು ಮಾಡಬೇಕು ಅನ್ನುವ ಯೋಚನೆಯೇ ಮೊದಲಿಗೆ ಇರಲಿಲ್ಲ. ಆ ಅವಸರದಲ್ಲಿ ಇಷ್ಟು ಗಟ್ಟಿ ಹಾಡುಗಳು ಹುಟ್ಟಿದವಲ್ಲ ಅಂತ ಯೋಚಿಸಿದರೆ ಸಿಟ್ಟು ಅರ್ಧ ಇಳಿಯುತ್ತದೆ. ಇನ್ನರ್ಧ ‘ಚೈಲ್ಡ್‌ಹುಡ್ಸ್ ಎಂಡ್’ ಬಂದಾಗಲೆಲ್ಲ ಹಾಗೇ ಇರುತ್ತದೆ.

ಪೂರ್ತಿ ಮುಗಿದ ಹಾಡು ಬೇಕು ಅನ್ನುವವರಿಗೆ ‘ವಾಟ್ಸ್... ಅ ದಿ ಡೀಲ್’ ಇದೆ. ಅಕೌಸ್ಟಿಕ್ ಗಿಟಾರ್, ರೈಟ್ ಅವರ ಪಿಯಾನೊ, ಬಾಗಿಲ ಹೊರಗೆ ನಿಂತು ಒಳಗೆ ಬಿಡಿ ಅಂತ ಕೇಳುವ ದಣಿದ ಮನುಷ್ಯ. ಇದನ್ನು ಗಿಲ್ಮೋರ್ 2006ರ ಪ್ರವಾಸದಲ್ಲಿ ವೇದಿಕೆಗೆ ತಂದರು. ‘ಫ್ರೀ ಫೋರ್’ ಮಾತ್ರ ಹುಷಾರಾಗಿ ಕೇಳಿ. ಚಪ್ಪಾಳೆ ತಟ್ಟಿಸುವ ತಾಳ, ಒಳಗೆ ಪೂರಾ ಸಾವಿನ ಮಾತು. ಇದನ್ನು ಬರೆದ, ಬ್ಯಾಂಡಿನ ಬಾಸ್ ಗಿಟಾರ್ ವಾದಕ ರಾಜರ್ ವಾಟರ್ಸ್ ತಮ್ಮ ತಂದೆಯನ್ನು ನೆನೆದಿದ್ದಾರೆ. ತಂದೆ 1944ರಲ್ಲಿ ಇಟಲಿಯ ಯುದ್ಧದಲ್ಲಿ ತೀರಿಕೊಂಡಾಗ ವಾಟರ್ಸ್ ಇನ್ನೂ ಕೂಸು. ಮುಂದೆ ಅವರು ಅದೆಷ್ಟೋ ಹಾಡುಗಳಲ್ಲಿ ತೋಡಿಕೊಂಡ ದುಃಖ ಇಲ್ಲಿ ಕುಣಿಯುತ್ತಾ ಬರುತ್ತದೆ.

‘ಲಾ ವಾಲೆ’ ಸಿನಿಮಾ ನೋಡಿ ಅಂತ ಒತ್ತಾಯ ಮಾಡುವುದಿಲ್ಲ. ನಕ್ಷೆಯಲ್ಲಿ ಮೋಡ ಕವಿದಿದೆ ಎಂದಷ್ಟೇ ಬರೆದಿರುವ ಕಣಿವೆಯನ್ನು ಹುಡುಕಿಕೊಂಡು ನ್ಯೂಗಿನಿಗೆ ಹೋದವರ ಕಥೆ. ಕಾಡು ಚೆಂದ, ಆದರೆ ಹಾಡಿಗಾಗಿ ಕೂತರೆ ನಿರಾಸೆ. ತುಣುಕು ತುಣುಕಾಗಿ ಬಂದು ಹೋಗುತ್ತವೆ. ಆಲ್ಬಂನ ಕೊನೆಯಲ್ಲಿ ಕೇಳುವುದು ಅಲ್ಲಿನ ಮಾಪುಗಾ ಜನರ ಗಾಯನ. ಇದು ಬೇಡ ಅಂತ ಆಫ್ ಮಾಡಬೇಡಿ.

ಕೊಳ್ಳುವವರಿಗೆ: 2016ರ ‘ದಿ ಅರ್ಲಿ ಇಯರ್ಸ್’ ಬಾಕ್ಸ್‌ಸೆಟ್‌ನಲ್ಲಿ ಇದರ ಹೊಸ ಮಿಕ್ಸ್ ಇದೆ. ಇದೊಂದು ಆಲ್ಬಮ್ಮಿಗಾಗಿ ಅಷ್ಟು ದುಡ್ಡು ಸುರಿಯುವ ಬಜೆಟ್ ನನ್ನದಲ್ಲ. ನಿಮ್ಮದೂ ಹಾಗೇ ಆಗಿದ್ದರೆ ಮಾಮೂಲಿ ಸಿಡಿ ಧಾರಾಳ ಸಾಕು. ಇದು ಹಿಡಿಸಿದರೆ ಮುಂದೆ ‘ಮೋರ್’ ತಗೊಳ್ಳಿ. ‘ಸಿರಸ್ ಮೈನರ್’ನಿಂದಲೇ ಶುರು ಮಾಡಿ: ಮೊದಲು ಹಕ್ಕಿಗಳ ಸದ್ದು, ಕೊನೆಗೆ ರೈಟ್ ಅವರ ಆರ್ಗನ್. ‘ಎ ಸ್ಪ್ಯಾನಿಷ್ ಪೀಸ್’ ಬಂದರೆ ದಾಟಿಸಿ ಮುಂದೆ ಹೋಗಬಹುದು, ಅದು ಹೇಗೂ ಒಂದೇ ನಿಮಿಷ.